ನೀರುಂಡ ಮುದ್ರಿಕೆಗಳು

ಗ್ರಾಮಫೋನಿನ ತಟ್ಟೆಗೆ ಕನ್ನಡದಲ್ಲಿ ಏನೆನ್ನಬೇಕು? ಪುಸ್ತಕದ ಭಾಷೆಯಲ್ಲಿ ಅದು ಧ್ವನಿಮುದ್ರಿಕೆ. ನಮ್ಮ ಚಿಕ್ಕೋಡಿ-ರಾಯಬಾಗಗಳ ಸೀಮೆಯ ಹಿರಿಯರು ‘ಪ್ಲೇಟು’ ಎನ್ನುವರು. ನಿಪ್ಪಾಣಿಯ ಕಡೆಗೆ ಸರಿದರೆ ಮರಾಠಿಯ ‘ತಬಕಡಿ’ ಕಿವಿಗೆ ಬೀಳುತ್ತದೆ. ತರಗತಿಯಲ್ಲಿ ನಿಂತಾಗ ನಾನು ಮೊದಲನೆಯ ಶಬ್ದದ ಪಕ್ಷಪಾತಿ. ಮುದ್ರಿಕೆ ಎಂದರೆ ಉಂಗುರವೂ ಹೌದಲ್ಲವೆ? ಹಾಗೆಂದೊಡನೆ ಮನಸ್ಸು ಶಕುಂತಲೆಯ ಬೆರಳಿನಿಂದ ಜಾರಿ ತೀರ್ಥದ ನೀರಿಗೆ ಬಿದ್ದ ಆ ಉಂಗುರದ ಕಡೆಗೆ ಓಡುತ್ತದೆ. ಬಿದ್ದುದು ಉಂಗುರ, ಅಳಿದುದು ಗುರುತು. ಬಸವಪ್ಪ ಶಾಸ್ತ್ರಿಗಳು ಕನ್ನಡಕ್ಕೆ ತಂದ ಶಾಕುಂತಲವನ್ನು ವರ್ಷಗಟ್ಟಲೆ ಪಾಠ ಹೇಳಿದ ನನಗೆ, ಆ ಕಥೆಯನ್ನು ಕೃಷ್ಣಾ ನದಿಯ ದಂಡೆಯ ಮೇಲೆ ಕಣ್ಣಾರೆ ಕಾಣುವೆನೆಂಬ ಕಲ್ಪನೆ ಇರಲಿಲ್ಲ.

ಕಾಗವಾಡ ತಾಲೂಕಿನ ನದಿಯಂಚಿನ ಒಂದು ಹಳ್ಳಿಯಲ್ಲಿ ನನ್ನ ಪರಿಚಯದ ಹಿರಿಯರೊಬ್ಬರಿದ್ದಾರೆ. ಊರೆಲ್ಲ ಅವರನ್ನು ಕಾಕಾ ಎನ್ನುವದರಿಂದ ನಾನೂ ಹಾಗೆಯೇ ಕರೆಯುತ್ತೇನೆ. ಪ್ರಾಯ ಎಂಬತ್ತಮೂರು. ಸಕ್ಕರೆ ಕಾರಖಾನೆಯೊಂದರಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾದ ಮೇಲೆ ಕಾರಕೂನರಾಗಿ ಮೂವತ್ತುನಾಲ್ಕು ವರ್ಷ ಸವೆಸಿದವರು. ಅವರಿಗೆ ಮೂರು ಹುಚ್ಚು: ಪ್ಲೇಟು, ಕುಸ್ತಿ, ಟೀವಿ. ಮೂರನೆಯದು ಇಳಿವಯಸ್ಸಿನಲ್ಲಿ ಅಂಟಿದ್ದು, ಎರಡನೆಯದು ಹುಡುಗತನದ್ದು. ಮೊದಲನೆಯದು ಯಾವಾಗ ಬಂದಿತೆಂದು ಕೇಳಿದರೆ, “ಮಾಸ್ತರ, ಜ್ವರ ಯಾವಾಗ ಬಂತಂತ ರೋಗಿಗೆ ಗೊತ್ತಿರತೈತೇನ್ರಿ?” ಎಂದು ನಗುವರು.

ಮಿರಜೆ ಕಾಗವಾಡದಿಂದ ಸೈಕಲ್ಲಿನ ಹಾದಿ. ನಡುವೆ ರಾಜ್ಯದ ಗಡಿ ಇದೆಯಾದರೂ ಸೈಕಲ್ಲಿಗೆ ಅದು ತಿಳಿಯದು. ಸಿತಾರು ತಂಬೂರಿಗಳನ್ನು ಮಾಡುವ ಆ ಊರಿನಲ್ಲಿಯೇ ಖಾನಸಾಹೇಬ ಅಬ್ದುಲ್ ಕರೀಮ್ ಖಾನರು ಮನೆಮಾಡಿಕೊಂಡಿದ್ದರು. 1937ರಲ್ಲಿ ಪುದುಚೇರಿಗೆ ಹೊರಟಿದ್ದಾಗ ತಮಿಳುನಾಡಿನ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ ಅವರು ತೀರಿಕೊಂಡರು. ಸಮಾಧಿ ಮಾತ್ರ ಮಿರಜೆಯ ದರ್ಗೆಯಲ್ಲಿದೆ. ಕಾಕಾ ಹುಟ್ಟಿದ್ದು ಆಮೇಲೆ. ಖಾನಸಾಹೇಬರನ್ನು ಕಣ್ಣಿನಿಂದ ಕಂಡವರು ಅವರ ತಂದೆ. ಕಾಕಾ ಕಂಡದ್ದು ಪ್ಲೇಟಿನಲ್ಲಿ. ಗದಗಿನ ಅಂಗಡಿಯೊಂದರಲ್ಲಿ ತಿರುಗುತ್ತಿದ್ದ ಅದೇ ಖಾನಸಾಹೇಬರ ಝಿಂಝೋಟಿಯ ಠುಮರಿಯನ್ನು ಕೇಳಿ ಹನ್ನೊಂದು ವರ್ಷದ ಹುಡುಗನೊಬ್ಬ 1933ರಲ್ಲಿ ಗುರುವನ್ನರಸುತ್ತ ಮನೆ ಬಿಟ್ಟು ಓಡಿಹೋದ ಕಥೆಯನ್ನು ವಾಚಕರು ಬಲ್ಲರು. ಆ ಹುಡುಗ ಭೀಮಸೇನ ಜೋಶಿ. “ಅದೇ ಪ್ಲೇಟು ನಾನೂ ಕೇಳಿದ್ನಿ. ನಾನು ಓಡಿ ಹೋಗಲಿಲ್ಲ. ಕಾಟಾದ ಮ್ಯಾಲ ಕೂತ್ನಿ,” ಎನ್ನುವರು ಕಾಕಾ. ಆ ಮಾತಿನಲ್ಲಿ ವಿಷಾದವಿದೆಯೋ ವಿನೋದವಿದೆಯೋ ನನಗೆ ಇಂದಿಗೂ ನಿರ್ಣಯವಾಗಿಲ್ಲ.

1970ರ ಸುಮಾರಿಗೆ ನಿಮಿಷಕ್ಕೆ ಎಪ್ಪತ್ತೆಂಟು ಸುತ್ತಿನ ಆ ಹಳೆಯ ತಟ್ಟೆಗಳ ಕಾಲ ಮುಗಿಯಿತು. ನಿಪ್ಪಾಣಿಯ ತಂಬಾಕಿನ ವ್ಯಾಪಾರಸ್ಥರ ವಾಡೆಗಳಿಂದಲೂ ಅಥಣಿಯ ದೊಡ್ಡ ಮನೆಗಳಿಂದಲೂ ಅವು ಮೂಟೆ ಮೂಟೆಯಾಗಿ ಹೊರಬಿದ್ದವು. ಹಳೆಯ ಸಾಮಾನಿನ ಅಂಗಡಿಗೆ ನಮ್ಮ ಕಡೆ ‘ಭಂಗಾರ’ ಎನ್ನುವರು. ಕಾಕಾ ತಿಂಗಳ ಪಗಾರದಲ್ಲಿ ಅಷ್ಟಿಷ್ಟು ಉಳಿಸಿ, ಭಂಗಾರದ ಅಂಗಡಿಯಲ್ಲಿ ಬಂಗಾರವನ್ನು ತೂಕದ ಲೆಕ್ಕದಲ್ಲಿ ಕೊಂಡರು. ತೂಗುವವರ ಕಣ್ಣು ತಪ್ಪಿಸಲು ತೂಗುವವನಿಂದಲೇ ಸಾಧ್ಯ! ಹೀಗೆ ಕೂಡಿದವು ಆರುನೂರ ನಲವತ್ತು ತಟ್ಟೆಗಳು. ಬಾಲಗಂಧರ್ವರ ನಾಟ್ಯಪದಗಳು, ಹೀರಾಬಾಯಿ ಬಡೋದೇಕರರ ಖ್ಯಾಲುಗಳು, ನಮ್ಮ ಬೀಳಗಿಯ ಅಮೀರಬಾಯಿ ಕರ್ನಾಟಕಿಯವರ ಹಾಡುಗಳು, ಕನ್ನಡ ನಾಟಕ ಕಂಪನಿಗಳ ಪದಗಳು, ಇನ್ನೂ ಏನೇನೋ.

ಅವುಗಳ ಯಾದಿಯನ್ನು ಕಾಕಾ ಎಂದೂ ಬರೆದಿಟ್ಟವರಲ್ಲ. ಪ್ರತಿಯೊಂದರ ನಡುವೆ ಚೀಟಿ ಅಂಟಿಸಿದ್ದಿತಷ್ಟೆ. ಅದರ ಮೇಲೆ ಹೆಸರು, ರಾಗ, ಕಂಪನಿಯ ಗುರುತು ಎಲ್ಲ ಇದ್ದ ಮೇಲೆ ಬೇರೆ ಯಾದಿ ಏತಕ್ಕೆ?

2019ರ ಆಗಸ್ಟ್ ತಿಂಗಳನ್ನು ಈ ಐದು ತಾಲೂಕುಗಳ ಜನಕ್ಕೆ ನೆನಪುಮಾಡಿಕೊಡಬೇಕಾಗಿಲ್ಲ. ಘಟ್ಟದ ಮೇಲೆ ಮಳೆ ನಿಲ್ಲಲಿಲ್ಲ. ಕೃಷ್ಣೆ, ದೂಧಗಂಗೆ, ವೇದಗಂಗೆಗಳು ದಂಡೆ ಮೀರಿದವು. 2005ರ ನೆರೆಯನ್ನು ಕಂಡವರು ಅದರ ಗುರುತಿನ ಮೇಲೆ ಭರವಸೆ ಇಟ್ಟು ಕುಳಿತಿದ್ದರು. ಕಾಕಾ ಕೂಡ ಅಟ್ಟದ ಮೇಲಿನ ತಟ್ಟೆಗಳಿಗೆ ನೀರು ಮುಟ್ಟದೆಂದು ನಂಬಿ, ಹೆಂಡತಿಯನ್ನೂ ಎಮ್ಮೆಯನ್ನೂ ಕರೆದುಕೊಂಡು ಗಂಜಿ ಕೇಂದ್ರಕ್ಕೆ ಹೊರಟುಹೋದರು. ಹನ್ನೊಂದು ದಿನಗಳ ಮೇಲೆ ಮರಳಿ ಬಂದಾಗ ಅಟ್ಟ ಕುಸಿದಿದ್ದಿತು. ತಟ್ಟೆಗಳು ಮೊಣಕಾಲುದ್ದದ ಕೆಸರಿನಲ್ಲಿ ರೊಟ್ಟಿಗಳಂತೆ ಒಂದರ ಮೇಲೊಂದು ಬಿದ್ದಿದ್ದವು.

ಈ ತಟ್ಟೆಗಳಿಗೆ ಬೇಕಾದ ಮುಖ್ಯ ದ್ರವ್ಯ ನಮ್ಮ ದೇಶದ್ದೇ. ಮರದ ಮೇಲೆ ಒಂದು ಜಾತಿಯ ಹುಳ ಸ್ರವಿಸುವ ಅರಗನ್ನು ಶುದ್ಧಮಾಡಿ, ಕಲ್ಲಿನ ಹುಡಿ, ಮಸಿ ಮೊದಲಾದುವನ್ನು ಕೂಡಿಸಿ, ಕಾಯಿಸಿ ಅಚ್ಚೊತ್ತಿ ಅವನ್ನು ಮಾಡುತ್ತಿದ್ದರು. ಪಾಂಡವರ ಅರಗಿನ ಮನೆಗೆ ಬೆಂಕಿ ಶತ್ರುವಾಯಿತು. ಆದರೆ ಅರಗಿಗೆ ನೀರು ಅಷ್ಟು ಸುಲಭದ ಶತ್ರುವಲ್ಲ. ಒಡಲಿನೊಳಗೆ ಕಾಗದದ ಪದರವಿದ್ದ ಕೆಲವು ಉಬ್ಬಿ ಸೀಳಿದವು, ಕೆಲವು ಒಡೆದವು. ಉಳಿದ ಆರುನೂರಕ್ಕೂ ಹೆಚ್ಚಿನವು ತೊಳೆದು ನೆರಳಿನಲ್ಲಿ ಒಣಗಿಸಿದರೆ ಮೊದಲಿನಂತೆಯೇ ಹಾಡಿದವು. ಸಂತೋಷದ ಸಂಗತಿ. ಆದರೆ ಯಾವುದರ ಮೇಲೂ ಚೀಟಿ ಇರಲಿಲ್ಲ. ಕಾಗದ ಕರಗಿ, ಕೆಸರಿನೊಡನೆ ಹೋಗಿಬಿಟ್ಟಿದ್ದಿತು. ತುತ್ತೂರಿಯ ಮುಂದೆ ಕಿವಿಗೊಟ್ಟು ಕುಳಿತಿರುವ ಆ ಸುಪ್ರಸಿದ್ಧ ನಾಯಿ ಕೂಡ ಕೃಷ್ಣೆಯ ಪಾಲಾಯಿತು. ಆರುನೂರು ಕರಿಯ ತಟ್ಟೆಗಳು; ಒಂದಕ್ಕೂ ಹೆಸರಿಲ್ಲ.

ತೊಳೆಯುವಾಗ ನಡೆದ ಒಂದು ಪ್ರಮಾದವನ್ನೂ ಹೇಳಿಬಿಡುವೆನು. ಸಹಾಯಕ್ಕೆ ಬಂದ ಸಂಬಂಧಿಕರ ಹುಡುಗನೊಬ್ಬನು, ಕೆಸರು ಬೇಗ ಬಿಡಲೆಂದು, ಗಾಯ ಒರೆಸುವ ಸ್ಪಿರಿಟನ್ನು ಅರಿವೆಗೆ ಹಾಕಿ ಒರೆಸಿದನು. ನೀರಿಗೆ ಜಗ್ಗದ ಅರಗು ಮದ್ಯಸಾರಕ್ಕೆ ಕರಗುತ್ತದೆ. ಐದು ತಟ್ಟೆಗಳ ಗೆರೆಗಳು ಅಳಿಸಿ ಕನ್ನಡಿಯಂತಾದವು. ಕಾಕಾ ಬೈಯಲಿಲ್ಲ. “ನೀರು ಹೆಸರು ಒಯ್ತು, ಇಂವ ದನಿ ಒಯ್ದ,” ಎಂದರಂತೆ.

ನಾನು ಅವರ ಮನೆಗೆ ಹೋಗತೊಡಗಿದ್ದು ಈ ನೆರೆಯ ಮೇಲೆ, ಅದೂ ಸ್ವಾರ್ಥದಿಂದ. ಕನ್ನಡ ರಂಗಗೀತೆಗಳ ಮೇಲೆ ಒಂದು ಪ್ರಬಂಧ ಬರೆಯುವ ಉಮೇದು ನನಗೆ. ಕಾಕಾರ ಸಂಗ್ರಹದಲ್ಲಿ ನಾಟಕದ ಪದಗಳಿವೆಯೆಂದು ಯಾರೋ ಹೇಳಿದ್ದರು. ರವಿವಾರ ಬೆಳಗಿನ ಬಸ್ಸಿಗೆ ಚಿಕ್ಕೋಡಿ ಬಿಟ್ಟು, ಅಂಕಲಿಯ ಮೇಲೆ ಹಾಯ್ದು, ಒಂಬತ್ತರ ಸುಮಾರಿಗೆ ಅವರ ಕಟ್ಟೆಯ ಮೇಲೆ ಕುಳಿತಿರುತ್ತಿದ್ದೆನು. ಕ್ರಮ ಸರಳವಾದುದು. ಕಾಕಾ ಒಂದು ತಟ್ಟೆಯನ್ನು ಯಂತ್ರದ ಮೇಲಿಡುವರು, ಕೀಲಿ ಕೊಡುವರು, ಹೊಸ ಮುಳ್ಳು ಹಾಕುವರು. ಮೂರು ನಿಮಿಷ ಚಿಲ್ಲರೆಯಲ್ಲಿ ಒಂದು ಮಗ್ಗುಲು ಮುಗಿಯುತ್ತದೆ. ಅವರು ಹೆಸರು ಹೇಳುವರು, ನಾನು ವಹಿಯಲ್ಲಿ ಬರೆಯುವೆನು. ಚೀಟಿಯಿದ್ದ ಜಾಗದ ಸುತ್ತಲಿನ ನುಣುಪಾದ ಅಂಚಿನಲ್ಲಿ ತಯಾರಕರು ಒತ್ತಿದ ಅಂಕಿಗಳು ಹಲವು ತಟ್ಟೆಗಳಲ್ಲಿ ಉಳಿದಿವೆ. ಭೂತಗನ್ನಡಿ ಹಿಡಿದು ಅವನ್ನು ಓದುವದೂ ನನ್ನ ಕೆಲಸವೇ.

ಕೆಲವು ತಟ್ಟೆಗಳು ತಮ್ಮ ಗುರುತನ್ನು ತಾವೇ ಹೇಳಿಕೊಂಡವು! ಫ್ರೆಡ್ ಗೈಸ್‌ಬರ್ಗ್ ಎಂಬವನು 1902ರ ನವೆಂಬರಿನಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನಳ ಹಾಡನ್ನು ಮುದ್ರಿಸಿಕೊಂಡಾಗ, ಆಕೆ ಹಾಡಿನ ಕೊನೆಗೆ ‘ಮೈ ನೇಮ್ ಈಸ್ ಗೌಹರ್ ಜಾನ್’ ಎಂದು ಗಟ್ಟಿಯಾಗಿ ಕೂಗಿದಳು. ಅದು ಬಡಿವಾರದ ಮಾತಲ್ಲ. ಮೂಲಮುದ್ರಿಕೆಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ತಟ್ಟೆಗಳಾಗಬೇಕಾಗಿದ್ದವು. ಅಲ್ಲಿಯ ಕೆಲಸಗಾರರಿಗೆ ಯಾವ ಹಾಡು ಯಾರದೆಂದು ತಿಳಿದು ಸರಿಯಾದ ಚೀಟಿ ಅಂಟಿಸಲು ಅದೊಂದು ಉಪಾಯ. ಅವಳನ್ನನುಸರಿಸಿ ಆ ಕಾಲದ ಅನೇಕರು ಹಾಡು ಮುಗಿದೊಡನೆ ತಮ್ಮ ಹೆಸರನ್ನು ಹೇಳಿದರು. ಇದೇ ಗೌಹರ್ ಜಾನಳು ಕೊನೆಗೆ ಮೈಸೂರು ಅರಮನೆಯ ಆಶ್ರಯ ಪಡೆದು 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು. ಕಾಕಾರ ಬಳಿ ಅವಳದೊಂದು ತಟ್ಟೆ ಇದೆ. ಶತಮಾನದ ಹಿಂದೆ ಜರ್ಮನಿಯ ಕಾರ್ಮಿಕನಿಗಾಗಿ ಕೂಗಿದ ಹೆಸರು, ಚೀಟಿ ಕಳೆದುಕೊಂಡು ಕುಳಿತ ನಮ್ಮಿಬ್ಬರಿಗೆ ಒದಗಿ ಬಂದಿತು. ಆ ದಿನ ಕಾಕಾ ಯಂತ್ರಕ್ಕೆ ಕೈಮುಗಿದರು, ನಾನೂ ಮುಗಿದೆನು.

ಎಲ್ಲವೂ ಅಷ್ಟು ಸುಲಭವಾಗಿರಲಿಲ್ಲ. ಒಂದು ರವಿವಾರ ತೆಳುವಾದ, ಎತ್ತರದ ಶ್ರುತಿಯ, ಹುಡುಗಿಯದೆಂಬಂತಹ ಕಂಠವೊಂದು ಕೇಳಿಬಂದಿತು. “ಗಂಗೂಬಾಯಿ ಹಾನಗಲ್,” ಎಂದರು ಕಾಕಾ. ನಾನು ನಕ್ಕುಬಿಟ್ಟೆನು. ಗಂಗೂಬಾಯಿಯವರ ಆ ಗಂಭೀರ ಗಂಡುದನಿಯೆಲ್ಲಿ, ಈ ಕೊಳಲಿನಂತಹ ಎಳೆಯ ದನಿಯೆಲ್ಲಿ? ಕಾಕಾರ ಮುಖ ಸಣ್ಣದಾಯಿತು. “ಮಾಸ್ತರ, ಗಂಟಲು ಬದಲಾಗತೈತ್ರಿ. ಉಸರು ತಗೊಳ್ಳೋ ಠಿಕಾಣ ಬದಲಾಗಂಗಿಲ್ಲ,” ಎಂದರು. ಅನಂತರ ಹುಬ್ಬಳ್ಳಿಯ ಸಂಗ್ರಾಹಕರೊಬ್ಬರಲ್ಲಿ ಚೀಟಿಯುಳಿದ ಪ್ರತಿಯೊಂದು ಸಿಕ್ಕಿತು. ಅಂಚಿನ ಅಂಕಿ ಅದೇ. ಚೀಟಿಯ ಮೇಲೆ ‘ಗಾಂಧಾರಿ, ಹುಬ್ಬಳ್ಳಿ’ ಎಂದಿದ್ದಿತು. 1932ರಿಂದ ಮೊದಲುಗೊಂಡು ಗಂಗೂಬಾಯಿಯವರು ಆ ಹೆಸರಿನಲ್ಲಿಯೇ ಮುದ್ರಿಕೆ ಕೊಟ್ಟಿದ್ದರು. ಮುಂದೆ ಗಂಟಲಿನ ಗ್ರಂಥಿಗಳ ಶಸ್ತ್ರಚಿಕಿತ್ಸೆಯಾದ ಮೇಲೆ ಅವರ ದನಿ ನಾವು ಬಲ್ಲ ದನಿಯಾಯಿತು. ಮುಂದಿನ ರವಿವಾರ ನಾನು ಹೋಗಿ ತಪ್ಪೊಪ್ಪಿಕೊಂಡೆನು. ಕಾಕಾ ಚಹ ತರಿಸಿದರು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಮೂರು ನಾಲ್ಕು ತಿಂಗಳು ಕಳೆದ ಮೇಲೆ ಒಂದು ದಿನ ಕಾಕಾ ನನ್ನ ವಹಿಯನ್ನು ಕೇಳಿ ಪಡೆದು, ಕನ್ನಡಕವೇರಿಸಿ, ಒಂದೊಂದೇ ಹಾಳೆ ತಿರುವಿದರು. ಕನ್ನಡದ ತಟ್ಟೆಗಳಿಗೆ ಕಂಪನಿ, ನಾಟಕ, ರಾಗ, ಅಂಕಿ ಎಲ್ಲವೂ ಇದ್ದವು. ಮರಾಠಿಯವುಗಳ ಎದುರಿಗೆ ‘ಮರಾಠಿ, ಸ್ತ್ರೀ’, ‘ಮರಾಠಿ, ಪುರುಷ’ ಎಂದಷ್ಟೇ ಬರೆದಿದ್ದೆನು. ಅವರು ಹೇಳಿದ ಹೆಸರುಗಳನ್ನು ನಾನು ಬರೆದುಕೊಂಡಿರಲಿಲ್ಲ.

“ಇವು ಯಾಕ ಖಾಲಿ ಅದಾವ್ರಿ?”

“ಕಾಕಾ, ನನ್ನ ವಿಷಯ ಕನ್ನಡದ್ದಲ್ಲವೆ?”

“ನೀರಿಗಿ ಕನ್ನಡ ಯಾವ್ದು, ಮರಾಠಿ ಯಾವ್ದು ಗೊತ್ತಿದ್ದಿಲ್ಲ. ಅದು ಎಲ್ಲಾ ಹೆಸರೂ ಒಯ್ತು. ನೀವು ಅರ್ಧಾ ಅಷ್ಟ ತಿರುಗಿ ತಂದ್ರಿ.”

ನಾನು ಉತ್ತರ ಕೊಡಲಿಲ್ಲ. ಕೊಡಲು ಏನಿದ್ದಿತು? 1843ರಲ್ಲಿ ವಿಷ್ಣುದಾಸ ಭಾವೆಯವರು ಸಾಂಗಲಿಯಲ್ಲಿ ಮೊದಲ ಮರಾಠಿ ನಾಟಕವಾಡಿಸಿದ್ದು ಕರ್ನಾಟಕದ ಭಾಗವತ ಮೇಳದ ಆಟವನ್ನು ಕಂಡ ಮೇಲೆ ಎಂದು ತರಗತಿಯಲ್ಲಿ ಎದೆಯುಬ್ಬಿಸಿ ಹೇಳುವವನು ನಾನೇ. ಮರಾಠಿ ಸಂಗೀತ ನಾಟಕದ ಅಣ್ಣಾಸಾಹೇಬ ಕಿರ್ಲೋಸ್ಕರರು ನಮ್ಮ ಗುರ್ಲಹೊಸೂರಿನವರೆಂದು ಹೇಳುವವನೂ ನಾನೇ. ಅಭಿಮಾನಕ್ಕೆ ಬೇಕಾದಾಗ ಗಡಿಯನ್ನು ದಾಟುವದು, ಶ್ರಮಪಡಬೇಕಾದಾಗ ಗಡಿಯ ಈಚೆ ನಿಲ್ಲುವದು! ಮರುವಾರದಿಂದ ಮೊದಲ ತಟ್ಟೆಯಿಂದ ಮತ್ತೆ ಪ್ರಾರಂಭಿಸಿದೆವು. ಪ್ರಬಂಧದ ಕೆಲಸ ಒಂದು ವರ್ಷ ಹಿಂದೆ ಬಿದ್ದಿತು, ಇರಲಿ.

ಕುಸ್ತಿ ಮತ್ತು ಟೀವಿಗಳ ಮಾತನ್ನು ಮರೆತೆನೆಂದು ವಾಚಕರು ಭಾವಿಸಬಾರದು. ಚಿಕ್ಕೋಡಿ ತಾಲೂಕಿನ ಏಕಸಂಬೆಯಲ್ಲಿ ಹುಟ್ಟಿ ಕೊಲ್ಲಾಪುರದಲ್ಲಿ ಪಳಗಿದ ಶ್ರೀಪತಿ ಖಂಚನಾಳೆಯವರು 1959ರಲ್ಲಿ ದಿಲ್ಲಿಯಲ್ಲಿ ಪಂಜಾಬದ ಬಂತಾಸಿಂಗನನ್ನು ಕೆಡವಿ ಹಿಂದ್ ಕೇಸರಿಗಳಾದರು. ಕಾಕಾಗೆ ಆಗ ಹದಿನೇಳು. ತಾಲೀಮಿನ ಕೆಂಪುಮಣ್ಣಿನಲ್ಲಿ ತಾವೂ ಹೊರಳುತ್ತಿದ್ದ ಕಾಲ. ಸುದ್ದಿ ಬಂದ ದಿನ ತಾಲೀಮಿನ ಹುಡುಗರೆಲ್ಲ ಸೇರಿ ಪೇಡೆ ಹಂಚಿದ್ದನ್ನು ಇಂದೂ ಬಣ್ಣಿಸುವರು. ಶಾಹೂ ಮಹಾರಾಜರು 1912ರಲ್ಲಿ ಕಟ್ಟಿಸಿದ ಕೊಲ್ಲಾಪುರದ ಖಾಸಬಾಗ ಮೈದಾನಕ್ಕೆ ಅವರು ಹೋದುದೆಷ್ಟು ಸಲವೋ ಲೆಕ್ಕವಿಲ್ಲ. 2020ರ ಡಿಸೆಂಬರಿನಲ್ಲಿ ಖಂಚನಾಳೆಯವರು ತೀರಿಕೊಂಡಾಗ ಕಾಕಾ ಆ ದಿನ ಯಾವ ತಟ್ಟೆಯನ್ನೂ ಹಚ್ಚಲಿಲ್ಲ.

ಟೀವಿಯ ದರ್ಶನ ಅವರಿಗಾದುದು ವಿಜಾಪುರ ಜಿಲ್ಲೆಯ ಅಕ್ಕನ ಹಳ್ಳಿಯಲ್ಲಿ. 1975ರ ಆಗಸ್ಟಿನಿಂದ ಒಂದು ವರ್ಷ, ಅಮೇರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ 2400 ಹಳ್ಳಿಗಳಿಗೆ ಟೀವಿ ತೋರಿಸುವ ಪ್ರಯೋಗ ನಡೆಯಿತಷ್ಟೆ. ಕರ್ನಾಟಕದಲ್ಲಿ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳಿಗೆ ಆ ಭಾಗ್ಯ. ನಮ್ಮ ಬೆಳಗಾವಿಗೆ ಇಲ್ಲ. ಹೊಲದ ಬೇಲಿಯಂತಹ ತಂತಿಬಲೆಯ ದೊಡ್ಡ ಕೊಡೆಯೊಂದನ್ನು ಆಕಾಶಕ್ಕೆ ಮುಖಮಾಡಿ ನಿಲ್ಲಿಸಿದ್ದರಂತೆ. ಅಥಣಿಯಿಂದ ಬಸ್ಸು ಹಿಡಿದು ಹೋದ ಕಾಕಾ, ಗೊಬ್ಬರದ ಪಾಠವನ್ನೂ ಕೋಳಿ ಸಾಕುವ ಪಾಠವನ್ನೂ ಭಕ್ತಿಯಿಂದ ನೋಡಿದರು. ಯಾರಾದರೂ ಹಾಡುವವರು ಬಂದಾರೆಂಬ ಆಸೆ ಅವರಿಗೆ. ಪ್ಲೇಟಿನಲ್ಲಿ ದನಿಯುಂಟು, ಮೋರೆಯಿಲ್ಲ. ಇದರಲ್ಲಿ ಮೋರೆ ಕಾಣಬಹುದಲ್ಲ!

ಈಗ ಅವರ ಮನೆಯಲ್ಲಿ ಗೋಡೆಯಗಲದ ಟೀವಿ ಇದೆ. ಆದರೆ ಅದನ್ನು ನೋಡುವ ರೀತಿಯೇ ಬೇರೆ. ಕುಸ್ತಿಯಾಗಲಿ ಕ್ರಿಕೆಟ್ಟಾಗಲಿ, ದನಿಯನ್ನು ಪೂರ್ತಿ ಬಂದುಮಾಡಿ, ಪಕ್ಕದಲ್ಲಿ ಯಂತ್ರಕ್ಕೆ ಕೀಲಿ ಕೊಡುವರು. “ಕಣ್ಣಿಗಿ ಅದು, ಕಿವಿಗಿ ಇದು.” 2025ರ ನವೆಂಬರ್ 2ರಂದು ನಮ್ಮ ಹೆಣ್ಣುಮಕ್ಕಳ ತಂಡ ವಿಶ್ವಕಪ್ಪು ಗೆದ್ದ ರಾತ್ರಿಯೂ ಹಾಗೆಯೇ ಆಯಿತಂತೆ. ಸಾಂಗಲಿಯಲ್ಲಿ ಬೆಳೆದ ಸ್ಮೃತಿ ಮಂಧಾನಾ ಬ್ಯಾಟು ಬೀಸುತ್ತಿರುವಾಗ ಹಿನ್ನೆಲೆಗೆ ಬಾಲಗಂಧರ್ವರು. ಅದೇ ಸಾಂಗಲಿಯಲ್ಲಿ ಹುಟ್ಟಿದ ವಿಜಯ ಹಜಾರೆಯವರು 1948ರಲ್ಲಿ ಅಡಿಲೇಡಿನ ಒಂದೇ ಟೆಸ್ಟಿನಲ್ಲಿ ಬ್ರಾಡ್‌ಮನ್ನರ ತಂಡದೆದುರು ಎರಡು ಶತಕ ಹೊಡೆದುದನ್ನು ಕಾಕಾ ಮೊಮ್ಮಗನಿಗೆ ನೂರನೆಯ ಸಲ ಹೇಳಿದರಂತೆ. ಮೊಮ್ಮಗನು ದನಿ ಹೆಚ್ಚಿಸಲು ಬೇಡಿ ಬೇಡಿ ಸೋತು ನೆರೆಮನೆಗೆ ಹೋದನು.

ಇದನ್ನು ನಾನು ಬಹಳ ದಿನ ವಿನೋದವೆಂದೇ ತಿಳಿದಿದ್ದೆನು. ಆದರೆ ಈಚೆಗೆ ಒಂದು ಸಂಗತಿ ಗಮನಕ್ಕೆ ಬಂದಿತು. ತಟ್ಟೆ ತಿರುಗುವಾಗ ಕಾಕಾ ಎಡಗೈಯನ್ನು ಯಂತ್ರದ ಪೆಟ್ಟಿಗೆಯ ಮೇಲೆ ಊರಿಕೊಂಡಿರುತ್ತಾರೆ. ಮೊದಲು ಹಾಗೆ ಮಾಡುತ್ತಿರಲಿಲ್ಲ. ನಾನು ಕೇಳಿದ್ದಕ್ಕೆ, “ಎಡಗಿವಿ ಪೂರಾ ಹೋತ್ರಿ. ಬಲಗಿವಿ ಅರ್ಧಾ. ಟೀವಿ ಮಾತು ತಿಳಿಯಂಗಿಲ್ಲ, ಅದಕ್ಕ ಬಂದ್ ಮಾಡೂದು. ಪ್ಲೇಟು ಗೊತ್ತಿದ್ದದ್ದು, ಕೈಗಿ ತಿಳೀತೈತಿ,” ಎಂದರು. ಮನೆಯವರಿಗೆ ಹೇಳಬೇಡಿರೆಂದೂ ಕೇಳಿಕೊಂಡರು. ಈಗ ಮನೆಯವರಿಗೆ ತಿಳಿದಿದೆ. ಕಿವಿಗೆ ಹಚ್ಚುವ ಯಂತ್ರವೂ ಬಂದಿದೆ. ಅದರಲ್ಲಿ ಮುಳ್ಳಿನ ಕರಕರವೇ ಹೆಚ್ಚು ಕೇಳಿಸುವದೆಂದು ಅವರ ದೂರು. ಅಂದಿನಿಂದ ನಾನು ರವಿವಾರದ ಜೊತೆಗೆ ಎರಡನೆಯ ಶನಿವಾರವನ್ನೂ ಸೇರಿಸಿದ್ದೇನೆ. ವಹಿಯಲ್ಲಿ ಇದುವರೆಗೆ ಹೆಸರು ಬಂದವು ನಾನೂರ ಮೂವತ್ತು. ಇನ್ನೂರರ ಹತ್ತಿರ ಉಳಿದಿವೆ.

ಪುಣೆಯಲ್ಲಿರುವ ಮಗ ಒಳ್ಳೆಯವನು. ಸಂಗ್ರಹವನ್ನು ಮಾರಲು ಅವನು ಅವಸರಪಟ್ಟಿಲ್ಲ. ಎರಡು ಕೋಣೆಯ ಮನೆಯಲ್ಲಿ ಇಷ್ಟು ಭಾರವನ್ನು ಎಲ್ಲಿಡಲೆಂದು ನನ್ನನ್ನೇ ಒಮ್ಮೆ ಕೇಳಿದನು. ನನ್ನ ಮನೆಯೂ ಎರಡು ಕೋಣೆಯದೇ ಆದುದರಿಂದ ನಾನು ಸುಮ್ಮನಾದೆನು.

ಕಳೆದ ರವಿವಾರ ಒಂದು ವಿಚಿತ್ರ ತಟ್ಟೆ ಬಂದಿತು. ಹಾಡಿಲ್ಲ. ಒಂದು ತುತ್ತೂರಿ, ಪಿಯಾನೊ, ಹಿಂದೆ ಗುಡುಗುಡು ನಡೆಯುವ ತಾಳ. ಮುಂಬಯಿಯ ಚೋರ ಬಜಾರದಿಂದ ತಂದ ಮೂಟೆಯಲ್ಲಿದ್ದುದು. ಅದು ಜಾಝ್ ಎಂಬಷ್ಟು ನನಗೂ ತಿಳಿಯಿತು. 1930ರ ದಶಕದಲ್ಲಿ ಮುಂಬಯಿಯ ತಾಜ್‌ಮಹಲ್ ಹೊಟೇಲಿನಲ್ಲಿ ಅಮೇರಿಕದ ನೀಗ್ರೋ ವಾದಕರ ತಂಡಗಳು ನುಡಿಸುತ್ತಿದ್ದುದನ್ನು ಓದಿದ್ದೇನೆ. ಅವರಲ್ಲಿ ಟೆಡ್ಡಿ ವೆದರ್‌ಫರ್ಡ್ ಎಂಬ ಪಿಯಾನೊವಾದಕನು ಮುಂದೆ ಕಲಕತ್ತೆಯಲ್ಲಿಯೇ ನೆಲೆಸಿ 1945ರಲ್ಲಿ ಅಲ್ಲಿಯೇ ತೀರಿಕೊಂಡನು. ಜಾಝ್‌ನ ದೊರೆಯೆನಿಸಿದ ಡ್ಯೂಕ್ ಎಲಿಂಗ್ಟನ್ 1963ರಲ್ಲಿ ತಮ್ಮ ವೃಂದದೊಡನೆ ಭಾರತಕ್ಕೆ ಬಂದಿದ್ದರು. ಆದರೆ ಈ ತುತ್ತೂರಿ ಯಾರದು? ಅಂಚಿನ ಅಂಕಿಯೂ ಸವೆದುಹೋಗಿದೆ. ಇದನ್ನು ಮಾತ್ರ ಕಾಕಾ ತಮಗೆ ಗೊತ್ತಿಲ್ಲವೆಂದು ಒಪ್ಪಿಕೊಂಡರು. ಚೀಟಿಯಿದ್ದಾಗಲೂ ಅದು ಇಂಗ್ಲಿಷಿನಲ್ಲಿದ್ದುದರಿಂದ ಓದುವ ಗೋಜಿಗೆ ಹೋಗಿರಲಿಲ್ಲವಂತೆ.

ಆದರೂ ತಟ್ಟೆಯನ್ನು ಮೂರು ಸಲ ಹಚ್ಚಿದರು. ಪೆಟ್ಟಿಗೆಯ ಮೇಲೆ ಕೈ. ಮೂರನೆಯ ಸಲ ಕಣ್ಣು ಮುಚ್ಚಿ, “ನೋಡ್ರಿ, ಇಲ್ಲಿ ತಾನ ಬಿಡ್ತಾನ... ಎಲ್ಲೆಲ್ಲೋ ಹೋಗ್ತಾನ... ಈಗ ಬರ್ತಾನ್ನೋಡ್ರಿ ಸಮ್ಮಿಗೆ!” ಎಂದು ತೊಡೆಯ ಮೇಲೆ ಬಲವಾಗಿ ತಟ್ಟಿದರು. ತುತ್ತೂರಿ ಸರಿಯಾಗಿ ಅಲ್ಲಿಗೇ ಬಂದು ನಿಂತಿತು.

“ಏನಂತ ಬರೀಲಿ ಕಾಕಾ?”

“ಅಂವ ಯಾರು ಅಂತ ಹುಡುಕ್ರಿ. ಅಲ್ಲೀತನಕ ಜಾಗಾ ಬಿಡ್ರಿ. ಖಾಲಿ ಬಿಡ್ರಿ, ಆದ್ರ ಸಾಲು ಹಾಕ್ರಿ.”

ನಾನೂರ ಮೂವತ್ತೊಂದು ಎಂದು ಅಂಕಿ ಹಾಕಿ, ಮುಂದೆ ಒಂದು ಸಾಲು ಎಳೆದೆನು. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಕಾಕಾ ತಟ್ಟೆಯನ್ನು ಮಗುಚಿ ಇನ್ನೊಂದು ಮಗ್ಗುಲಿಗೆ ಕೀಲಿ ಕೊಡುತ್ತಿದ್ದರು.